ನೀ ಮೊದಲ ಕುಡಿ

ನಮ್ಮ ಮನೆಗೆ ಹೊಸಬರು ಬಂದು ಚಹಾದ ಹೊತ್ತಿನ ತನಕ ಕೂತುಬಿಟ್ಟರೆ ನನಗೆ ಒಳಗೊಳಗೇ ಪುಕುಪುಕು. ಬಂದವರಿಗೆ ಕೊಟ್ಟು ಮುಗಿಸಿ ನಮ್ಮವರ ಕೈಗೆ ಕಪ್ಪು ಬಸಿ ಇಟ್ಟೆನೋ ಇಲ್ಲವೋ, ಅವರು ಕಪ್ಪನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. ಕಣ್ಣು ಕಿರಿದು ಮಾಡಿ ನನ್ನನ್ನು ನೋಡುತ್ತಾರೆ. ಆಮೇಲೆ, "ನೀ ಮೊದಲ ಕುಡಿ" ಎಂದು ಕಪ್ಪನ್ನು ನನ್ನ ಕಡೆಗೇ ಚಾಚುತ್ತಾರೆ. ನಾನು ಒಂದು ಗುಟುಕು ಕುಡಿಯಬೇಕು. ಕುಡಿದ ಮೇಲೂ ಬೀಳದೆ ನಿಂತೇ ಇದ್ದೇನೆಂದು ಖಾತ್ರಿಯಾದ ಮೇಲಷ್ಟೇ ಅವರು ಬಸಿಗೆ ಸುರಿದುಕೊಂಡು ಸೊರ್ರೆಂದು ಹೀರುವುದು.

ನಾವು ಮಡಗಾಂವಿನ ಈ ಬಿಲ್ಡಿಂಗಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಕೊಂಕಣಿ ಬಾಯಿ ಇದನ್ನು ನೋಡಿಬಿಟ್ಟರು. ಆಕೆಯ ಕಪ್ಪು ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಮರುದಿನ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ ನನ್ನ ಕೈ ಹಿಡಿದುಕೊಂಡು, ಮೆಲ್ಲಗೆ ಹಿಂದಿಯಲ್ಲಿ, "ಘರ್ ಮೇ ಸಬ್ ಠೀಕ್ ಹೈ ನಾ?" ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕಷ್ಟೂ ಅವರು ಗಾಬರಿಯಾದರು. ಈಗ ಒಳ್ಳೆಯ ಗೆಳತಿ, ಆದರೆ ನಮ್ಮ ಮನೆಯಲ್ಲಿ ಚಹಾ ಕುಡಿಯುವಾಗ ಈಗಲೂ ಒಂದು ಕ್ಷಣ ಯೋಚನೆ ಮಾಡುತ್ತಾರೆ ಎಂದೇ ನನ್ನ ಅನುಮಾನ.

ಇದಕ್ಕೆಲ್ಲ ಕಾರಣ ಒಂದು ಹಳೆಯ ಸಿನಿಮಾ. ಅದೂ ನಾವು ಪೂರ್ತಿ ನೋಡದ ಸಿನಿಮಾ.

ಮುಂದೆ ಹೋಗುವ ಮೊದಲು ಒಂದು ಮಾತು. ನಮ್ಮವರು ಎಂದರೆ ನನ್ನ ಗಂಡ. ಹೆಸರನ್ನು ಹೇಳುವ ಜಾಗ ಬಂದಾಗ ಹೇಳುತ್ತೇನೆ, ಅವಸರ ಮಾಡಬೇಡಿ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ಹೇಳಲೇಬೇಕಾದರೆ ಒಡಪು ಕಟ್ಟಿ, ಪ್ರಾಸದ ಎರಡು ಸಾಲಿನ ನಡುವೆ ಹೆಸರನ್ನು ಅಡಗಿಸಿ ಹೇಳಬೇಕು. ನಾನು ಈಗ ಕನ್ನಡ ಶಾಲೆಯಲ್ಲಿ ಟೀಚರು, ಹೊಸ ಕಾಲದವಳು ಎಂದೆಲ್ಲ ಜಂಬ ಇದೆ. ಆದರೂ ದವಾಖಾನೆಯಲ್ಲಿ ಯಾರಾದರೂ ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರ ಮುಖ ನೋಡುತ್ತೇನೆ.

ಆಗ ನಾವು ಕೊರ್ಲಿಮ್‌ನಲ್ಲಿದ್ದೆವು. ಕಾರ್ಖಾನೆಗಳ ಬೆನ್ನಿಗೆ ಒಂದು ಉದ್ದನೆಯ ಚಾಳ. ಬಿಜಾಪುರ, ಬಾಗಲಕೋಟೆ, ಗದಗಿನ ಕಡೆಯವರೇ ಹೆಚ್ಚು. ಸಂಜೆಯಾದರೆ ಈ ತುದಿಯಿಂದ ಆ ತುದಿಯ ತನಕ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ಕೇಳಿದರೆ ಗೋವೆಯಲ್ಲಿ ಇದ್ದೇವೆ ಎಂಬುದೇ ಮರೆತುಹೋಗುತ್ತಿತ್ತು. ಮೀನಿನ ವಾಸನೆ ಬಂದಾಗ ಮತ್ತೆ ನೆನಪಾಗುತ್ತಿತ್ತು.

ನಮ್ಮವರ ಕೆಲಸ ಕಾರ್ಖಾನೆಯ ಶೆಡ್ಡುಗಳ ಮೇಲೆ ತಗಡು ಹಾಕುವುದು. ತಗಡು ಎಂದರೆ ನಮ್ಮ ಮಂದಿಗೆ ತಿಳಿಯುವುದಿಲ್ಲ, ಪತ್ರಾಸ್ ಎನ್ನಬೇಕು. ಚಾಳದ ಬಾಗಿಲಲ್ಲಿ ನಿಂತರೆ ದೂರದ ಶೆಡ್ಡಿನ ನೆತ್ತಿ ಕಾಣುತ್ತಿತ್ತು, ಅದರ ಮೇಲೆ ಅಂಗಳದಲ್ಲಿ ಓಡಾಡುವಂತೆ ಓಡಾಡುವ ಮನುಷ್ಯರೂ ಕಾಣುತ್ತಿದ್ದರು. ಅವರಲ್ಲಿ ಹೆಗಲ ಮೇಲೆ ಕೆಂಪು ಟವೆಲು ಹಾಕಿಕೊಂಡವರು ನಮ್ಮವರು. ಹೊಸದಾಗಿ ಮದುವೆಯಾಗಿ ಬಂದ ನನಗೆ ಅದನ್ನು ನೋಡಲೂ ಆಗದು, ನೋಡದೆ ಇರಲೂ ಆಗದು. ಅನ್ನಕ್ಕೆ ಎಸರಿಟ್ಟು ಬಾಗಿಲಿಗೆ ಬರುವುದು, ಕೆಂಪು ಟವೆಲು ಕಂಡಿತೆಂದು ಒಳಗೆ ಹೋಗುವುದು, ಮತ್ತೆ ಬರುವುದು. ಆ ದಿನಗಳಲ್ಲಿ ನಾನು ಮಾಡಿದ ಅನ್ನ ಒಂದು ದಿನ ಮುದ್ದೆ, ಒಂದು ದಿನ ಅಕ್ಕಿ.

ಕಾಲು ಜಾರಿದರೆ ಹಿಡಿಯಲೆಂದು ಸೊಂಟಕ್ಕೆ ಕಟ್ಟಿಕೊಳ್ಳಲು ಕಂತ್ರಾಟುದಾರರು ಕೊಕ್ಕೆಯ ಬೆಲ್ಟು ಕೊಟ್ಟಿದ್ದರು. ಅದಕ್ಕೆ ಇವರೆಲ್ಲ ಪಟ್ಟಾ ಎನ್ನುತ್ತಿದ್ದರು. ಯಾರೂ ಕಟ್ಟುತ್ತಿರಲಿಲ್ಲ. ನಮ್ಮವರ ಪಟ್ಟಾ ನಮ್ಮ ಮನೆಯ ಮೊಳೆಗೆ ನೇತಾಡುತ್ತಿತ್ತು, ಅದಕ್ಕೆ ಉಳ್ಳಾಗಡ್ಡಿಯ ಚೀಲ ಸಿಕ್ಕಿಸಿದ್ದೆವು.

"ಅದನ್ನ ಕಟಗೊಂಡು ಹೋಗ್ರಿ" ಎಂದು ನಾನು ದಿನಾ ಹೇಳುವುದು.

"ಕಟಗೊಂಡ್ರ ಮಂದಿ ಏನಂತಾರ? ಗ್ವಾದ್ಲಿಗಿ ಕಟ್ಟಿದ ಎಮ್ಮಿ ಅಂತಾರ" ಎಂದು ಅವರು ದಿನಾ ಹೇಳುವುದು.

ಎಮ್ಮೆ ಕಟ್ಟಿದ ಜಾಗದಲ್ಲಿ ಸುಖವಾಗಿಯೇ ಇರುತ್ತದಲ್ಲ ಎಂದು ವಾದ ಮಾಡಿದರೆ ನಗುತ್ತಿದ್ದರು. ಜಗಳವಾಡುವ ಗಂಡನಾದರೆ ಜಗಳವಾಡಿ ಗೆಲ್ಲಬಹುದು. ನಗುವ ಗಂಡನ ಮುಂದೆ ಏನೂ ನಡೆಯುವುದಿಲ್ಲ.

ಇಂಥ ಚಾಳಕ್ಕೆ ಗುರುಲಿಂಗಪ್ಪನವರ ಪ್ರವೇಶವಾಯಿತು. ಬೆಳಗಾವಿಯ ಕಡೆಯವರು. ಜೀವವಿಮೆಯ ಏಜೆಂಟರು. ಬಿಳಿ ಪ್ಯಾಂಟು, ಬಗಲಲ್ಲಿ ರೆಕ್ಸಿನ್ ಚೀಲ, ಮಾತು ಬೆಲ್ಲ. ಆದರೆ ಪಾಪ, ಅವರ ಮಾತು ನಮ್ಮ ಚಾಳದಲ್ಲಿ ಅರ್ಧದಿಂದ ಮುಂದೆ ಹೋಗುತ್ತಲೇ ಇರಲಿಲ್ಲ.

"ನೋಡ್ರಿ, ನಾಳೆ ನಿಮಗ ಏನರ ಹೆಚ್ಚುಕಡಿಮಿ ಆತಂದ್ರ..." ಎಂದು ಅವರು ಶುರು ಮಾಡಬೇಕು, ಎದುರುಮನೆಯ ಗಂಗವ್ವ ರೊಟ್ಟಿಯ ಹಿಟ್ಟಿನ ಕೈ ಎತ್ತಿಕೊಂಡೇ ಹೊರಗೆ ಬರಬೇಕು. "ಬಿಡ್ತು ಅನ್ರಿ! ಮೊದಲ ಬಿಡ್ತು ಅನ್ರಿ!"

ಕೆಟ್ಟ ಮಾತು ಬಾಯಿಂದ ಬಿದ್ದರೆ ಬಿಡ್ತು ಎನ್ನಬೇಕು, ಅಂದರೆ ಅದು ನಿಜವಾಗುವುದಿಲ್ಲ. ಗುರುಲಿಂಗಪ್ಪನವರು "ಬಿಡ್ತು" ಎಂದು ಮತ್ತೆ ಮೊದಲಿನಿಂದ ಶುರು ಮಾಡುವರು. ಮತ್ತೆ ಅದೇ ಜಾಗಕ್ಕೆ ಬರುವರು. ಮತ್ತೆ "ಬಿಡ್ತು ಅನ್ರಿ!" ಸಾವಿನ ಹೆಸರೆತ್ತದೆ ಜೀವವಿಮೆ ಮಾರುವುದು ಹೇಗೆಂದು ಅವರಿಗೆ ಅವರ ಸಾಹೇಬರು ಕಲಿಸಿರಲಿಲ್ಲ.

ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು. ನಮ್ಮ ಮಂದಿಗೆ ಭಾಷಣ ಬೇಡ, ಸಿನಿಮಾ ತೋರಿಸಿದರೆ ಬುದ್ಧಿ ಬರುತ್ತದೆ. ಬೆಳಗಾವಿಗೆ ಹೋದಾಗ ಸಿಡಿ ಅಂಗಡಿಯವನಿಗೆ, "ವಿಮಾದ ಕತಿ ಇರೂ ಸಿನಿಮಾ ಯಾವುದರ ಐತೇನಪಾ?" ಎಂದು ಕೇಳಿದರಂತೆ. ಅವನು ಧೂಳು ಝಾಡಿಸಿ ಒಂದು ಹಳೆಯ ಕಪ್ಪುಬಿಳುಪು ಹಾಸ್ಯಚಿತ್ರ ಕೊಟ್ಟನಂತೆ. ಮೂರು ಸಿಡಿಯ ಡಬ್ಬಿ, ಮೇಲಿನ ಚಿತ್ರ ಹರಿದು ಹೆಸರೂ ಕಾಣುತ್ತಿರಲಿಲ್ಲ. ಗುರುಲಿಂಗಪ್ಪನವರು ಅದನ್ನು ತಾವೊಮ್ಮೆ ನೋಡುವ ಗೋಜಿಗೆ ಹೋಗಲಿಲ್ಲ. ಹಾಸ್ಯ ಇದೆ, ವಿಮೆ ಇದೆ, ಇನ್ನೇನು ಬೇಕು?

ದೀಪಾವಳಿಯ ರಜೆಯ ಒಂದು ಮಧ್ಯಾಹ್ನ ಚಾಳದ ಮುಂದಿನ ಗಣಪತಿ ಗುಡಿಯ ಮಂಟಪದಲ್ಲಿ ಬಾಡಿಗೆ ಟಿವಿ ಬಂತು. ಚಾಪೆ, ಚೀಲ, ಚುರುಮುರಿಯ ಪೊಟ್ಟಣ ಹಿಡಿದು ಎಲ್ಲರೂ ಕೂತೆವು. ಗುರುಲಿಂಗಪ್ಪನವರು ಸಿನಿಮಾದ ಮುಂಚೆ ಎದ್ದುನಿಂತು, "ಇದನ್ನ ನೋಡಿದ ಮ್ಯಾಲ ಪ್ರತಿಯೊಬ್ಬ ಹೆಣ್ಮಗಳು ತನ್ನ ಗಂಡನ ಹೆಸರಿಗೆ ಒಂದು ಪಾಲಿಸಿ ಮಾಡಸ್ಲಿಕ್ಕೇ ಬೇಕು" ಎಂದು ಹೇಳಿ ಕೂತರು. ಆ ಮಾತನ್ನು ಅವರು ಹೇಳದೆ ಇದ್ದಿದ್ದರೆ ಎಷ್ಟೋ ಚಲೋ ಇತ್ತು.

ಕಥೆ ಇಷ್ಟು. ಒಬ್ಬ ಕಿರಾಣಿ ಅಂಗಡಿಯ ಸಾಧು ಗಂಡ. ಅವನ ಹೆಂಡತಿ ಮತ್ತು ಅವಳ ಅಣ್ಣ ಸೇರಿ ಅವನ ಹೆಸರಿಗೆ ದೊಡ್ಡ ವಿಮೆ ಮಾಡಿಸುತ್ತಾರೆ. ಆಮೇಲೆ ಅವನನ್ನು ಕೊಲ್ಲಲು ನೋಡುತ್ತಾರೆ. ಚಹಾಕ್ಕೆ ವಿಷ ಹಾಕಿದರೆ ಆತ, "ಭಾವ ಪಾಪ ದಣಿದು ಬಂದಿದ್ದಾನೆ" ಎಂದು ಅದನ್ನು ಭಾವನಿಗೇ ಕುಡಿಸುತ್ತಾನೆ. ಏಣಿಯ ಮೆಟ್ಟಿಲು ಸಡಿಲಿಸಿದರೆ ಅಟ್ಟ ಹತ್ತುವವನು ಭಾವನೇ. ಪ್ರತಿ ಸಲವೂ ಭಾವ ಹಾಸಿಗೆ ಹಿಡಿಯುವುದು, ಈತ ಪಕ್ಕದಲ್ಲಿ ಕೂತು ಗಂಜಿ ಕುಡಿಸುವುದು. ಕೊನೆಗೆ ಸುಪಾರಿ ಕೊಟ್ಟು ಕರೆಸಿದ ಕೊಲೆಗಾರನೂ ಅವನ ಅಂಗಡಿಯಲ್ಲೇ ಪೊಟ್ಟಣ ಕಟ್ಟುವ ಕೆಲಸಕ್ಕೆ ನಿಂತುಬಿಡುತ್ತಾನೆ.

ನಕ್ಕು ನಕ್ಕು ನಮ್ಮ ಹೊಟ್ಟೆ ಹುಣ್ಣಾಯಿತು. ಗುರುಲಿಂಗಪ್ಪನವರ ಮುಖ ಮಾತ್ರ ಮೊದಲ ಸಿಡಿಯ ಅರ್ಧಕ್ಕೇ ಸುಟ್ಟ ಬದನೆಕಾಯಿಯಂತಾಗಿತ್ತು. ಎದ್ದು ಟಿವಿ ಆರಿಸಲು ಹೋದರು. ಗಂಡಸರೆಲ್ಲ ಹೋ ಎಂದು ಕೂಗಿ ಕೂರಿಸಿದರು.

ಆದರೆ ಹೆಂಗಸರ ತಕರಾರು ಬೇರೆಯೇ ಇತ್ತು. ಸಿನಿಮಾದ ಆ ಹೆಂಡತಿ ಮಾತೆತ್ತಿದರೆ ಗಂಡನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ವಿಷದ ಲೋಟ ಹಿಡಿದು ಹೆಸರು, ಏಣಿಯ ಕೆಳಗೆ ನಿಂತು ಹೆಸರು. ಗಂಗವ್ವ ನನ್ನ ತೊಡೆ ಚಿವುಟಿ, "ಕೊಲ್ಲೂದು ಹ್ವಾದ್ರ ಹೋಗ್ಲೆವಾ, ಗಂಡನ ಹೆಸರ ಹಿಡದ ಕರೀತಾಳಲ್ಲ! ಖೋಡಿ!" ಎಂದಳು. ಸುತ್ತ ಕೂತವರೆಲ್ಲ ಹೌದೌದು ಎಂದರು. ಕೊಲೆಗೆ ಕ್ಷಮೆ ಇತ್ತು, ಅದಕ್ಕೆ ಇರಲಿಲ್ಲ.

ಎರಡನೆಯ ಸಿಡಿಯ ಕೊನೆಗೆ ಹೆಂಡತಿ ಮತ್ತೊಂದು ಲೋಟ ಚಹಾ ತಂದು ಗಂಡನ ಮುಂದೆ ಹಿಡಿಯುತ್ತಾಳೆ. ಈ ಸಲ ಭಾವ ಊರಲ್ಲಿಲ್ಲ. ಗಂಡ ಲೋಟ ತೆಗೆದುಕೊಂಡು ತುಟಿಗೆ ಒಯ್ಯುತ್ತಾನೆ. ಅಲ್ಲಿಗೆ ಸಿಡಿ ಮುಗಿಯಿತು. ಚುರುಮುರಿ ತೆಗೆಯುವ ಕೈಗಳು ಪೊಟ್ಟಣದಲ್ಲೇ ನಿಂತವು. ಗುರುಲಿಂಗಪ್ಪನವರು ಮೂರನೆಯ ಸಿಡಿ ಹಾಕಿದರು. ಪರದೆಯ ಮೇಲೆ ಒಬ್ಬ ದೊಡ್ಡ ಮನುಷ್ಯ ಬಂದು, ಹಾಲು ಕರೆಯುವ ಎಮ್ಮೆಗೆ ಜಂತುಹುಳದ ಔಷಧಿಯನ್ನು ಹೇಗೆ ಕುಡಿಸಬೇಕೆಂದು ಹೇಳತೊಡಗಿದ.

ಅಂಗಡಿಯವನು ಬೇರೆ ಸಿಡಿ ಸೇರಿಸಿ ಕೊಟ್ಟಿದ್ದ. ಸ್ವಲ್ಪ ಹೊತ್ತು ನಾವು ಎಮ್ಮೆಯನ್ನೇ ನೋಡಿದೆವು, ಇದೂ ಕಥೆಯ ಭಾಗವಿರಬಹುದೆಂದು. ನಮ್ಮವರಂತೂ, "ನೋಡ್ರಿ, ಭಾವಗ ಕುಡಸೂ ಔಷಧ ಇಲ್ಲಿಂದನ ತಂದಿದ್ರು" ಎಂದುಬಿಟ್ಟರು.

ಮರುದಿನದಿಂದ ಚಾಳದಲ್ಲಿ ಯಾವ ಗಂಡಸಿಗೂ ಚಹಾ ನೆಟ್ಟಗೆ ಇಳಿಯಲಿಲ್ಲ. ಎಲ್ಲರ ಬಾಯಲ್ಲೂ ಒಂದೇ ಚೇಷ್ಟೆ, "ನೀ ಮೊದಲ ಕುಡಿ." ಗುರುಲಿಂಗಪ್ಪನವರನ್ನು ಕಂಡರೆ ಮಂದಿ, "ಬರ್ರಿ, ಯಾರನ್ನ ಮುಗಸೂದೈತಿ?" ಎನ್ನುವರು. ಒಂದೇ ಒಂದು ಪಾಲಿಸಿ ಆಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಬ್ಬರು ಮಾಡಿಸಿದರು. ಯಾರೆಂದು ನೀವು ಊಹಿಸಿರುತ್ತೀರಿ.

"ಅಲ್ರಿ, ಆ ಸಿನಿಮಾ ನೋಡಿ ನೀವು ಪಾಲಿಸಿ ಮಾಡಸ್ತೀರೇನು?" ಎಂದು ನಾನು ಕೇಳಿದೆ.

"ಆ ಮನಷ್ಯಾನ್ನ ನೋಡಿದಿಲ್ಲ? ವಿಷ ಹಾಕಿದ್ರು, ಏಣಿ ಮುರದ್ರು, ಏನರ ಆತೇನು? ಪಾಲಿಸಿ ಇದ್ದಾವ ಸಾಯಂಗಿಲ್ಲ ತಗೋ" ಎಂದರು ನಮ್ಮವರು. ಮುಂದಿನ ಮಾತು ನನ್ನ ಎದೆಗೆ ಚುಚ್ಚಿತು. "ಇನ್ನ ಆ ಪಟ್ಟಾದ ಕಿರಿಕಿರಿ ಬಂದ್ ಮಾಡು. ನನಗ ಏನಾದ್ರೂ ಪಾಲಿಸಿ ರೊಕ್ಕ ಐತಿ, ನಿನಗ ಚಿಂತಿಲ್ಲ."

ಅವರು ನಗುತ್ತಲೇ ಹೇಳಿದ್ದು. ಆದರೆ ನನಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಚಿಂತೆಯಿಲ್ಲವಂತೆ! ಇವರು ಇಲ್ಲದೆ ನಾನು ನಿಶ್ಚಿಂತೆಯಾಗಿ ಇರುತ್ತೇನೆಂದು ಇವರಿಗೆ ಯಾರು ಹೇಳಿದರು? ಗಂಗವ್ವನ ಹಾಗೆ ಬಿಡ್ತು ಅನ್ರಿ ಎನ್ನಬೇಕಿತ್ತು, ಆ ಹೊತ್ತಿಗೆ ಅದೂ ಹೊಳೆಯಲಿಲ್ಲ. ಪಟ್ಟಾ ಮೊಳೆಯ ಮೇಲೆ ಉಳ್ಳಾಗಡ್ಡಿ ಹೊತ್ತುಕೊಂಡೇ ಇತ್ತು. ನಾನು ಬಾಗಿಲಿಗೆ ಬಂದು ಕೆಂಪು ಟವೆಲು ನೋಡುವುದು ತಪ್ಪಲಿಲ್ಲ.

ಸಂಕ್ರಾಂತಿ ಬಂತು. ಅದೇ ಮಂಟಪದಲ್ಲಿ ಹೆಂಗಸರ ಅರಿಷಿಣ ಕುಂಕುಮ. ಎಳ್ಳು ಬೆಲ್ಲ ಕೊಡುವುದು, ಆಮೇಲೆ ಒಬ್ಬೊಬ್ಬರೂ ಒಡಪು ಹೇಳುವುದು. ಗಂಡಸರನ್ನು ಒಳಗೆ ಬಿಡುವುದಿಲ್ಲ. ಆದರೆ ಆ ಹೊತ್ತಿಗೆ ಎಲ್ಲ ಗಂಡಸರಿಗೂ ಮಂಟಪದ ಹೊರಗಿನ ಕಟ್ಟೆಯ ಮೇಲೇ ಏನೋ ಕೆಲಸ ಇರುತ್ತದೆ. ತಮ್ಮ ಹೆಸರು ಹೆಂಡತಿಯ ಬಾಯಲ್ಲಿ ಕೇಳುವುದು ವರುಷಕ್ಕೆ ಅದೊಂದೇ ದಿನ. ಅವತ್ತು ನಮ್ಮವರ ಜೊತೆ ಅವರ ತಂಡದವರೆಲ್ಲ ಇದ್ದರು. ಮೇಸ್ತ್ರಿ ದತ್ತಾರಾಮ ಎಂಬ ಗೋವೆಯ ಮುದುಕನೂ ಎಳ್ಳು ಬೆಲ್ಲಕ್ಕೆಂದು ಬಂದು ಕೂತಿದ್ದ.

ಬೆಳ್ಳಿಯ ಬಟ್ಟಲು, ಮಲ್ಲಿಗೆಯ ದಂಡೆ, ಹೀಗೆ ಎಲ್ಲರ ಒಡಪುಗಳೂ ಸಾಗಿದವು. ನನ್ನ ಪಾಳಿ ಬಂತು. ನಾನೂ ಒಂದು ಮಲ್ಲಿಗೆಯ ಒಡಪನ್ನೇ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಎದ್ದುನಿಂತವಳಿಗೆ ಕಟ್ಟೆಯ ಮೇಲೆ ಕಾಲು ಅಲ್ಲಾಡಿಸುತ್ತ ಕೂತ ಕೆಂಪು ಟವೆಲು ಕಂಡಿತು. ಮಲ್ಲಿಗೆ ಮರೆತುಹೋಯಿತು. ಬಾಯಿಂದ ಬಂದದ್ದು ಇದು:

"ಪಾಲಿಸಿ ರೊಕ್ಕ ಪೆಟ್ಟಿಗ್ಯಾಗ ಇಟ್ಟರ ಪೆಟ್ಟಿಗಿ ನನ್ನ ಕೂಡ ಮಾತಾಡಂಗಿಲ್ಲ,
ಪಟ್ಟಾ ಕಟ್ಟದ ಪತ್ರಾಸ ಏರಿದರ ನಿಂಗಪ್ಪಗ ನಮ್ಮ ಮನ್ಯಾಗ ಚಹಾ ಸಿಗಂಗಿಲ್ಲ."

 ಹೆಂಗಸರು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಗಂಗವ್ವ ನನ್ನ ಮುಖಕ್ಕೆ ನಿವಾಳಿಸಿ ಲಟಿಕೆ ಮುರಿದಳು. ಹೊರಗೆ ಕಟ್ಟೆಯ ಮೇಲಿನ ನಗೆ ಇನ್ನೂ ದೊಡ್ಡದು. ದತ್ತಾರಾಮ ಮೇಸ್ತ್ರಿಗೆ ಕನ್ನಡ ಬಾರದು. ಯಾರೋ ಅರ್ಥ ಹೇಳಿದರು. ಅವನು ಕೋಲು ನೆಲಕ್ಕೆ ಕುಟ್ಟಿ ಕುಟ್ಟಿ ನಕ್ಕ. ನಮ್ಮವರು ಮಾತ್ರ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಕೂತಿದ್ದರು, ಸಂಕ್ರಾಂತಿಯ ತಂಪಿನಲ್ಲಿ.

ಮರುದಿನ ನಮ್ಮವರು ಶೆಡ್ಡಿನ ಏಣಿಗೆ ಕಾಲಿಟ್ಟರೋ ಇಲ್ಲವೋ, ಕೆಳಗಿನಿಂದ ದತ್ತಾರಾಮ ಕೂಗಿದನಂತೆ, "ನಿಂಗಪ್ಪಾ! ಚಾ ಜಾಯ್?" ಚಹಾ ಬೇಕೇನೋ ಎಂದು. ತಂಡವೆಲ್ಲ ಹೋ ಎಂದು ನಕ್ಕಿತು. ಇವರು ಗೊಣಗುತ್ತ ಮನೆಗೆ ಬಂದು, ಉಳ್ಳಾಗಡ್ಡಿಯ ಚೀಲವನ್ನು ನೆಲಕ್ಕಿಟ್ಟು ಪಟ್ಟಾ ತೆಗೆದುಕೊಂಡು ಹೋದರು. ಹೋಗುವಾಗ, "ನಿನ್ನ ಬಾಯಿಗೊಂದು ಪಟ್ಟಾ ಹಾಕ್ಬೇಕು" ಎಂದರು. ನಾನು ಉಳ್ಳಾಗಡ್ಡಿ ಆರಿಸಿಕೊಂಡೆ. ಆ ದಿನ ನನ್ನ ಅನ್ನ ಉದುರು ಉದುರಾಗಿ ಬಂದಿತ್ತು.

ಆ ಕೂಗು ಅಲ್ಲಿಗೆ ನಿಲ್ಲಲಿಲ್ಲ. ಯಾರು ಬರೀ ಸೊಂಟದಲ್ಲಿ ಏಣಿ ಹತ್ತಿದರೂ ದತ್ತಾರಾಮ, "ಚಾ ಜಾಯ್?" ಎನ್ನತೊಡಗಿದ. ಎಲ್ಲರ ಮನೆಯ ಮೊಳೆಗಳೂ ಖಾಲಿಯಾದವು. ಎಲ್ಲರೂ ಎಮ್ಮೆಯಾದ ಮೇಲೆ ಎಮ್ಮೆ ಎನ್ನುವವರು ಯಾರು?

ಮಳೆ ಹಿಡಿಯುವ ದಿನಗಳು ಬಂದವು. ಸೋರುವ ಶೆಡ್ಡುಗಳನ್ನು ಬೇಗ ಮುಗಿಸಬೇಕೆಂದು ಅವಸರ. ಒಂದು ದಿನ ಊಟದ ಹೊತ್ತಿಗೂ ಮುಂಚೆ ನಮ್ಮವರು ಮನೆಗೆ ಬಂದರು. ಮಳೆಗೆ ಕೆಲಸ ನಿಂತಿರಬೇಕೆಂದುಕೊಂಡು ನಾನು ಚಹಾ ಮಾಡಿದೆ. ಕಪ್ಪು ಬಸಿ ಕೊಟ್ಟು ಎದುರಿಗೆ ನಿಂತೆ, ಗುಟುಕು ಕುಡಿಯಲು ತಯಾರಾಗಿ. ಅವರು ಮೂಸಲಿಲ್ಲ. ಕಣ್ಣು ಕಿರಿದು ಮಾಡಲಿಲ್ಲ. ಬಸಿಗೆ ಸುರಿದುಕೊಳ್ಳದೆ, ಸುಡುಸುಡುವ ಚಹಾವನ್ನು ಕಪ್ಪಿನಿಂದಲೇ ಗಟಗಟ ಕುಡಿದುಬಿಟ್ಟರು.

ನಾನು ಖಾಲಿ ಕಪ್ಪನ್ನು ಅವರ ಕೈಯಿಂದ ತೆಗೆದುಕೊಂಡೆ.

"ಏನಾತ್ರಿ?"

ಅವರು ಅಂಗಿ ಎತ್ತಿ ತೋರಿಸಿದರು. ಸೊಂಟದ ಸುತ್ತ ಪಟ್ಟಾದ ಅಗಲಕ್ಕೆ ಕೆಂಪಗೆ ಬರೆ ಎದ್ದಿತ್ತು.

"ಕಾಲ ಜಾರಿತು. ಪಟ್ಟಾ ಹಿಡೀತು" ಎಂದರು. ಅಂಗಿಯ ಅಂಚು ಹಿಡಿದುಕೊಂಡೇ, "ಜೋತಾಡ್ಕೊಂತ ಕೆಳಗ ನೋಡಿದೆ. ದತ್ತಾರಾಮ ಏನರ ಚೇಷ್ಟಿ ಮಾಡ್ತಾನ ಅಂತ ತಿಳಕೊಂಡಿದ್ದೆ. ಅಂವ ನೆಲದ ಮ್ಯಾಲ ಕುಂತು ಅಳಾಕತ್ತಿದ್ದ" ಎಂದರು.

ನಾನೂ ಅತ್ತೆ. ಆ ಕೆಂಪು ಬರೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಅತ್ತೆ. ಪಟ್ಟಾವನ್ನು ತೊಡೆಯ ಮೇಲೆ ಇಟ್ಟುಕೊಂಡು, ಅದಕ್ಕೂ ಒಂದಿಷ್ಟು ಕುಂಕುಮ ಹಚ್ಚಿದೆ. ಹೊರಗೆ ಮಳೆ ಜೋರಾಯಿತು. ಮನೆಯೊಳಗೆ ಇವರು ಗೋಡೆಗೆ ಒರಗಿ ಕೂತಿದ್ದರು, ನನಗೆ ಅಷ್ಟೇ ಸಾಕಾಗಿತ್ತು.

ಮರುದಿನ ಮುಂಜಾನೆ ಚಹಾ ಕೊಟ್ಟೆ. ಅವರು ಕಪ್ಪನ್ನು ಮೂಗಿನ ಹತ್ತಿರ ಹಿಡಿದರು. ಮೂಸಿದರು. "ನೀ ಮೊದಲ ಕುಡಿ" ಎಂದರು. ಆ ಮಾತು ಕೇಳಿ ನನಗಾದ ಸಂತೋಷಕ್ಕೆ ಒಂದು ಗುಟುಕು ಎಲ್ಲಿ ಸಾಕು, ಅರ್ಧ ಕಪ್ಪನ್ನೇ ಕುಡಿದುಬಿಟ್ಟೆ. "ಏ, ಏ, ನನಗೂ ಸ್ವಲ್ಪ ಇಡಽ!" ಎಂದು ಅವರು ಕೂಗಿದ್ದು ಎದುರುಮನೆಗೂ ಕೇಳಿತು.

ಈಗ ನಮ್ಮವರು ಶೆಡ್ಡು ಹತ್ತುವುದಿಲ್ಲ. ಮಡಗಾಂವಿನಲ್ಲಿ ಕಂತ್ರಾಟುದಾರರ ಗೋದಾಮು ನೋಡಿಕೊಳ್ಳುತ್ತಾರೆ, ಹುಡುಗರನ್ನು ಮೇಲೆ ಕಳಿಸುವಾಗ ತಾವು ಕೆಳಗೆ ನಿಂತು "ಚಾ ಜಾಯ್?" ಎಂದು ಕೂಗುತ್ತಾರೆ. ಹುಡುಗರಿಗೆ ಆ ಮಾತು ಎಲ್ಲಿಂದ ಬಂತೆಂದು ತಿಳಿಯದು, ಆದರೆ ಪಟ್ಟಾ ಮುಟ್ಟಿ ನೋಡಿಕೊಳ್ಳುತ್ತಾರೆ. ಗುರುಲಿಂಗಪ್ಪನವರಿಗೂ ಒಳ್ಳೆಯದೇ ಆಯಿತು. ಇವರು ಜೋತಾಡಿ ಬಂದ ಮೇಲೆ ಚಾಳದ ಮಂದಿ ತಾವಾಗಿಯೇ ಅವರನ್ನು ಹುಡುಕಿಕೊಂಡು ಹೋದರು. ಎಲ್ಲವೂ ತಮ್ಮ ಸಿನಿಮಾದಿಂದಲೇ ಆದದ್ದೆಂದು ಅವರು ಇಂದಿಗೂ ಹೇಳಿಕೊಂಡು ತಿರುಗುತ್ತಾರೆ. ಒಂದು ರೀತಿಯಲ್ಲಿ ಅದು ಖರೆಯೇ.

ಹೋದ ತಿಂಗಳು ಅವರು ನಮ್ಮ ಮನೆಗೆ ಬಂದರು. ರೆಕ್ಸಿನ್ ಚೀಲದಿಂದ ಏನನ್ನೋ ತೆಗೆದು ನನ್ನ ಕೈಗಿಟ್ಟರು. "ತಗೋ ತಂಗೀ. ಬೆಳಗಾವಿ ಹಳೇ ಅಂಗಡ್ಯಾಗ ಸಿಕ್ಕಿತು. ಮೂರನೇ ಸಿಡಿ."

ನನಗೆ ತಡೆಯಲಾಗಲಿಲ್ಲ. ಇಷ್ಟು ವರುಷ ಆ ಲೋಟ ಅವನ ತುಟಿಯ ಹತ್ತಿರವೇ ನಿಂತಿತ್ತು. ಆ ಹೆಂಡತಿ ಕೊಂದಳೋ, ಮನಸ್ಸು ಬದಲಾಯಿಸಿದಳೋ? ಗುರುಲಿಂಗಪ್ಪನವರನ್ನು ಕಳಿಸಿ, ಕಪಾಟಿನ ಮೇಲಿನ ಹಳೆಯ ಪ್ಲೇಯರನ್ನು ಇಳಿಸಿ, ಧೂಳು ಒರೆಸಿ ವೈರು ಚುಚ್ಚಿದೆ. ಗೋದಾಮಿನಿಂದ ಆಗಷ್ಟೇ ಬಂದ ನಮ್ಮವರನ್ನು ಕರೆದೆ, "ಬರ್ರಿ ಲಗೂನ, ಅಂವ ಸತ್ನೋ ಬದುಕಿದ್ನೋ ನೋಡೂನು."

ಅವರು ಸಿಡಿಯನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಆಮೇಲೆ ಅದನ್ನು ಚಹಾಪುಡಿಯ ಡಬ್ಬಿಯ ಕೆಳಗೆ ಇಟ್ಟರು.

"ಬ್ಯಾಡ ಬಿಡು" ಎಂದರು. "ನಾವು ನೋಡಿದ ತನಕಾ ಅಂವ ಬದುಕಿದ್ದ ಹೌದಲ್ಲೋ? ಸಾಕು."

ನಾನು ಪ್ಲೇಯರಿನ ವೈರು ಕಿತ್ತೆ. ಒಲೆ ಹಚ್ಚಿ, ಶುಂಠಿ ಜಜ್ಜಿ ಚಹಾ ಮಾಡಿದೆ. ಕಪ್ಪು ಬಸಿ ತಂದು ಅವರ ಮುಂದೆ ಹಿಡಿದೆ.

"ನೀ ಮೊದಲ ಕುಡಿ" ಎಂದರು.

ಕುಡಿದೆ.